ಹುಲ್ಲಿನಡಿಯ ಪೈಪು: ಲಾನ್ ಸ್ಪ್ರಿಂಕ್ಲರ್ ಅಳವಡಿಕೆಯ ಲೆಕ್ಕ ಮತ್ತು ಕೆಲಸ

(ಪ್ಲಂಬರ್‌ಗಳು, ತೋಟ ನಿರ್ವಹಣೆಯವರು ಮತ್ತು ಅಪಾರ್ಟ್‌ಮೆಂಟ್ ಸಂಘಗಳವರಿಗಾಗಿ ಬೆಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಲಾನ್‌ಗೆ ಸ್ಪ್ರಿಂಕ್ಲರ್ ಹಾಕಿಸಬೇಕು ಅಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ, “ಯಾವ ಕಂಪನಿಯದು ಒಳ್ಳೆಯದು?” ಅದು ಐದನೆಯದೋ ಆರನೆಯದೋ ಆಗಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು ಇದು: ಆ ಜಾಗದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ನೀರು ಸಿಗುತ್ತದೆ, ಎಷ್ಟು ಕೆಜಿ ಪ್ರೆಶರ್‌ನಲ್ಲಿ (ಚದರ ಸೆಂಟಿಮೀಟರಿಗೆ ಎಷ್ಟು ಕೆಜಿ ಒತ್ತಡದಲ್ಲಿ) ಸಿಗುತ್ತದೆ? ಈ ಎರಡು ಅಂಕಿ ಕೈಯಲ್ಲಿಲ್ಲದೆ ಗುದ್ದಲಿ ಹಾಕಿದರೆ ಎಂಥ ದುಬಾರಿ ಹೆಡ್ (ನೆಲದಿಂದ ಮೇಲೆದ್ದು ನೀರು ಚಿಮ್ಮುವ ಸ್ಪ್ರಿಂಕ್ಲರ್ ತಲೆ) ತಂದು ಕೂರಿಸಿದರೂ ಲಾನ್‌ನ ಒಂದು ಮೂಲೆ ಕೆಸರು, ಇನ್ನೊಂದು ಮೂಲೆ ಒಣಹುಲ್ಲು. ಕೆಟ್ಟ ಸ್ಪ್ರಿಂಕ್ಲರ್‌ಗಳಲ್ಲಿ ಹೆಚ್ಚಿನವು ಕಾಗದದ ಮೇಲೇ ಕೆಟ್ಟಿರುತ್ತವೆ. ಅಗೆದವರ ಕೈ ಕಾರಣವಲ್ಲ.

ನೀರಿನ ಮೂಲದಿಂದ ಶುರು ಮಾಡೋಣ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯುವುದಕ್ಕೆ, ಕಟ್ಟಡದ ಕೆಲಸಕ್ಕೆ ಬಳಸಕೂಡದೆಂದು ಆದೇಶ ಹೊರಡಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಆ ಬೇಸಿಗೆ ನೆನಪಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆದ್ದರಿಂದ ಈ ಊರಿನಲ್ಲಿ ಹೊಸದಾಗಿ ಸ್ಪ್ರಿಂಕ್ಲರ್ ಯೋಚಿಸುವವರು ಕಾವೇರಿ ನೀರನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಮಳೆನೀರಿನ ಸಂಪು, ಬೋರ್‌ವೆಲ್, ಅಪಾರ್ಟ್‌ಮೆಂಟ್ ಆದರೆ ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಣ ಘಟಕದ) ಸಂಸ್ಕರಿಸಿದ ನೀರು, ಇವೇ ಮೂಲಗಳು. ಲಾನ್ ಎಷ್ಟು ದೊಡ್ಡದಿರಬೇಕು ಎಂಬುದನ್ನೂ ಈ ನೀರೇ ಹೇಳಬೇಕು. ಮಕ್ಕಳು ಆಡುವ, ಜನ ಕೂರುವ ಜಾಗಕ್ಕೆ ಮಾತ್ರ ಹುಲ್ಲು ಹಾಕಿ. ಕಾಂಪೌಂಡ್ ಪಕ್ಕದ ಎರಡಡಿ ಪಟ್ಟಿಗೆ ಗಿಡ ನೆಟ್ಟು ಡ್ರಿಪ್ ಕೊಡಿ. ಒಂದು ಮೀಟರಿಗಿಂತ ಕಿರಿದಾದ ಹುಲ್ಲುಪಟ್ಟಿಗೆ ಸ್ಪ್ರಿಂಕ್ಲರ್ ಹೊಡೆದರೆ ಅರ್ಧ ನೀರು ರಸ್ತೆಗೆ ಹೋಗುತ್ತದೆ.

ಓವರ್‌ಹೆಡ್ ಟ್ಯಾಂಕಿನ ಭ್ರಮೆ

“ಮಹಡಿ ಮೇಲೆ ಟ್ಯಾಂಕ್ ಇದೆಯಲ್ಲ, ಅದರಿಂದಲೇ ಕೊಡಿ” ಎನ್ನುವ ಮನೆಯವರು ಬಹಳ. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಹೆಚ್ಚುಕಡಿಮೆ ಒಂದು ಕೆಜಿ ಪ್ರೆಶರ್. ಎರಡಂತಸ್ತಿನ ಮನೆಯ ಟ್ಯಾಂಕಿನಿಂದ ನೆಲಮಟ್ಟದಲ್ಲಿ ಸಿಗುವುದು ಅಷ್ಟೇ, ಅದೂ ನೀರು ನಿಂತಿರುವಾಗ. ಹರಿಯತೊಡಗಿದರೆ ಪೈಪಿನ ಘರ್ಷಣೆಯಲ್ಲಿ ಇನ್ನಷ್ಟು ಇಳಿಯುತ್ತದೆ. ಸಾಮಾನ್ಯ ಸ್ಪ್ರೇ ಹೆಡ್‌ಗೆ ನಾಜಲ್ (ನೀರು ಹೊರಬರುವ ಮೂತಿ) ಹತ್ತಿರವೇ 2.1 ಕೆಜಿ ಬೇಕು, ಅಂದರೆ 30 ಪಿಎಸ್‌ಐ. ರೋಟರಿ ನಾಜಲ್‌ಗೆ 2.8, ಗೇರ್ ರೋಟರ್‌ಗೆ ಮೂರರಿಂದ ಮೂರೂವರೆ. ಒಂದು ಕೆಜಿಯಲ್ಲಿ ಹೆಡ್ ಮೇಲೆ ಬಂದರೂ ಸೀಲ್ ಸರಿಯಾಗಿ ಕೂರದೆ ಬುಡದಲ್ಲಿ ಸೋರುತ್ತದೆ, ಎಸೆತ ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ಸಂಪು ಮತ್ತು ಅದಕ್ಕೆಂದೇ ಒಂದು ಪಂಪು, ಇದಕ್ಕೆ ಬೇರೆ ದಾರಿಯಿಲ್ಲ.

ಈಗಾಗಲೇ ಪಂಪಿದ್ದರೆ ಅಳೆಯುವುದು ಸುಲಭ. ಪಂಪಿನ ಹೊರಪೈಪಿಗೆ ಒಂದು ಪ್ರೆಶರ್ ಗೇಜ್, ಅದರ ಮುಂದೆ ಒಂದು ಬಾಲ್ ವಾಲ್ವ್ ಹಾಕಿ. ವಾಲ್ವನ್ನು ನಿಧಾನವಾಗಿ ಮುಚ್ಚುತ್ತ ಗೇಜ್ 3.5 ಕೆಜಿ (ಈ ಅಂಕಿಯ ಲೆಕ್ಕ ಮುಂದೆ ಬರುತ್ತದೆ) ತೋರಿಸುವಲ್ಲಿ ನಿಲ್ಲಿಸಿ, 20 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ನೋಡಿ. 20 ಸೆಕೆಂಡ್ ಆದರೆ ನಿಮಿಷಕ್ಕೆ 60 ಲೀಟರ್. ನೆನಪಿಡಿ, ಹರಿಯುವಾಗಿನ ಪ್ರೆಶರ್ ಮಾತ್ರ ಲೆಕ್ಕಕ್ಕೆ. ವಾಲ್ವ್ ಪೂರ್ತಿ ಮುಚ್ಚಿದಾಗ ಗೇಜ್ ತೋರಿಸುವ ದೊಡ್ಡ ಅಂಕಿಯಿಂದ ಹುಲ್ಲಿಗೆ ಏನೂ ಲಾಭವಿಲ್ಲ.

ಹೊಸ ಪಂಪು ಕೊಳ್ಳುವುದಾದರೆ ಪಂಪಿನ ಹೆಡ್ ಕೂಡಿಸಿ. ಇಲ್ಲಿ ಹೆಡ್ ಎಂದರೆ ಸ್ಪ್ರಿಂಕ್ಲರ್ ತಲೆಯಲ್ಲ, ಪಂಪು ನೀರನ್ನು ಎತ್ತಬೇಕಾದ ಎತ್ತರ; ಒಂದು ಕೆಜಿ ಪ್ರೆಶರ್‌ಗೆ ಹತ್ತು ಮೀಟರ್. ಸ್ಪ್ರೇ ನಾಜಲ್‌ಗೆ 21 ಮೀಟರ್, ಫಿಲ್ಟರಿಗೆ 4, ಸೊಲೆನಾಯ್ಡ್ ವಾಲ್ವಿಗೆ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವಿಗೆ) 3, ಪೈಪು ಮತ್ತು ಫಿಟಿಂಗಿಗೆ 4, ಸಂಪಿನ ಆಳದಿಂದ ಎತ್ತಲು 3. ಒಟ್ಟು 35 ಮೀಟರ್. ನಿಮಿಷಕ್ಕೆ 60 ಲೀಟರನ್ನು 35 ಮೀಟರಿಗೆ ಎತ್ತಲು ನೀರಿಗೇ ಬೇಕಾದ ಶಕ್ತಿ ಸುಮಾರು 345 ವ್ಯಾಟ್. ಸಣ್ಣ ಮಾನೋಬ್ಲಾಕುಗಳ (ಮೋಟಾರು, ಪಂಪು ಒಂದೇ ಆಗಿರುವವುಗಳ) ದಕ್ಷತೆ ನೂರಕ್ಕೆ 35–40 ಎಂದು ಹಿಡಿದರೆ ಒಂದೂವರೆ ಎಚ್‌ಪಿ ಪಂಪು ಬೇಕು. ಅಂಗಡಿಯಲ್ಲಿ ಪಂಪಿನ ಫಲಕ ನೋಡಿ ಮೋಸಹೋಗುವುದು ಇಲ್ಲೇ. ಅದರಲ್ಲಿ ಗರಿಷ್ಠ ಹೆಡ್ 40 ಮೀಟರ್ ಎಂದೂ ಗರಿಷ್ಠ ಡಿಸ್ಚಾರ್ಜ್ ನಿಮಿಷಕ್ಕೆ ಇಷ್ಟು ಲೀಟರ್ ಎಂದೂ ಬರೆದಿರುತ್ತದೆ. ಆ ಎರಡೂ ಒಟ್ಟಿಗೆ ಎಂದೂ ಸಿಗುವುದಿಲ್ಲ. ಗರಿಷ್ಠ ಹೆಡ್‌ನಲ್ಲಿ ನೀರು ಸೊನ್ನೆ. ಪಂಪಿನ ಪಟ್ಟಿಯಲ್ಲಿ 35 ಮೀಟರಿನ ಕಾಲಂನಲ್ಲಿ ಎಷ್ಟಿದೆ ಅದನ್ನೇ ಕೇಳಿ.

ಒಂದು ಲಾನ್, ಪೂರ್ತಿ ಲೆಕ್ಕ

ಬಾಯಿಮಾತಿಗಿಂತ ಉದಾಹರಣೆ ವಾಸಿ. 18 ಮೀಟರ್ ಉದ್ದ, 9 ಮೀಟರ್ ಅಗಲದ ಲಾನ್ ಇದೆ ಎಂದುಕೊಳ್ಳಿ, 162 ಚದರ ಮೀಟರ್. 4.5 ಮೀಟರ್ ಎಸೆಯುವ ಸ್ಪ್ರೇ ನಾಜಲ್ ಆರಿಸಿದ್ದೇವೆ. ಹೆಡ್‌ನಿಂದ ಹೆಡ್‌ಗೆ ಅಂತರವೂ 4.5 ಮೀಟರೇ ಇರಬೇಕು. ಒಂದು ಹೆಡ್‌ನ ನೀರು ಪಕ್ಕದ ಹೆಡ್‌ನ ಬುಡ ಮುಟ್ಟಬೇಕು, ಇದು ಈ ಕೆಲಸದ ಮೂಲ ನಿಯಮ. “ಎಸೆತ 4.5 ಇದೆಯಲ್ಲ, ಎರಡು ಹೆಡ್ ನಡುವೆ 9 ಮೀಟರ್ ಬಿಟ್ಟರೂ ಎರಡೂ ಕಡೆಯಿಂದ ಮುಟ್ಟುತ್ತದೆ” ಎಂದು ಅರ್ಧ ಹೆಡ್ ಉಳಿಸುವವರು ಆಮೇಲೆ ಇಡೀ ಲಾನ್ ಕಳೆದುಕೊಳ್ಳುತ್ತಾರೆ. ಒಂಟಿ ಸ್ಪ್ರೇಯ ನೀರು ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ. ಎಸೆತದ ಅಂಚಿಗೆ ಹೋದಂತೆ ತೆಳುವಾಗುತ್ತದೆ. ಆ ಕೊರತೆಯನ್ನು ಪಕ್ಕದ ಹೆಡ್ ತುಂಬಬೇಕು.

ಹೀಗೆ ಉದ್ದಕ್ಕೆ ಐದು, ಅಗಲಕ್ಕೆ ಮೂರು, ಒಟ್ಟು 15 ಹೆಡ್. ಮೂಲೆಯ ನಾಲ್ಕು ಕಾಲುವೃತ್ತ, ಅಂಚಿನ ಎಂಟು ಅರ್ಧವೃತ್ತ, ಒಳಗಿನ ಮೂರು ಪೂರ್ಣವೃತ್ತ. 2.1 ಕೆಜಿಯಲ್ಲಿ ಈ ಅಳತೆಯ ಪೂರ್ಣವೃತ್ತದ ನಾಜಲ್ ನಿಮಿಷಕ್ಕೆ ಸುಮಾರು 14 ಲೀಟರ್, ಅರ್ಧ 7, ಕಾಲು 3.5 ಲೀಟರ್ ಕುಡಿಯುತ್ತದೆ. ಈ ಅನುಪಾತ ಹೀಗೇ ಇರುವ ನಾಜಲ್‌ಗಳನ್ನೇ ಕೊಳ್ಳಬೇಕು, ಇಲ್ಲದಿದ್ದರೆ ಮೂಲೆಯಲ್ಲಿ ನಾಲ್ಕು ಪಟ್ಟು ನೀರು ನಿಲ್ಲುತ್ತದೆ. ಕೂಡಿಸಿದರೆ 14, 56, 42. ಒಟ್ಟು ನಿಮಿಷಕ್ಕೆ 112 ಲೀಟರ್. ಪಂಪು ಕೊಡುವುದು 60. ಆದ್ದರಿಂದ ಎರಡು ಝೋನ್, ಅಂದರೆ ಒಂದೊಂದು ವಾಲ್ವಿನಿಂದ ಒಟ್ಟಿಗೆ ನೀರು ಪಡೆಯುವ ಎರಡು ಗುಂಪು. ನಡುಸಾಲಿನ ಐದು ಹೆಡ್‌ಗಳು 56 ಲೀಟರ್, ಹೊರಗಿನ ಎರಡು ಸಾಲುಗಳ ಹತ್ತು ಹೆಡ್‌ಗಳು 56 ಲೀಟರ್. ಹೆಡ್‌ಗಳ ಎಣಿಕೆ ಸಮನಾಗಿಲ್ಲ, ನೀರು ಸಮನಾಗಿದೆ. ಝೋನ್ ಹಂಚುವಾಗ ಎಣಿಸಬೇಕಾದದ್ದು ನೀರನ್ನೇ.

ಈ ಲಾನ್ ಮೇಲೆ ಗಂಟೆಗೆ ಎಷ್ಟು ಮಿಲಿಮೀಟರ್ ನೀರು ಬೀಳುತ್ತದೆ? 112ನ್ನು 60ರಿಂದ ಗುಣಿಸಿ 162ರಿಂದ ಭಾಗಿಸಿ: ಸುಮಾರು 41 ಮಿ.ಮೀ. ಒಳ್ಳೆಯ ಜಡಿಮಳೆಯೇ ಇದು. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಜೇಡಿ ಹೆಚ್ಚಿದ್ದರೆ ಗಂಟೆಗೆ 10 ಮಿ.ಮೀ. ಇಂಗುವುದೂ ಕಷ್ಟ; ಮರಳು ಬೆರೆತಿದ್ದರೆ 20–25. ಹುಬ್ಬಳ್ಳಿ, ವಿಜಯಪುರ ಕಡೆಯ ಎರೆ ಮಣ್ಣು ಒಮ್ಮೆ ನೆನೆದು ಬಿರುಕು ಮುಚ್ಚಿಕೊಂಡ ಮೇಲೆ ಇನ್ನೂ ಕಡಿಮೆ. ಹಾಗಾಗಿ ಸ್ಪ್ರೇ ಹಾಕಿದರೆ ಒಂದೇ ಸಲಕ್ಕೆ ಪೂರ್ತಿ ನೀರು ಕೊಡುವ ಹಾಗಿಲ್ಲ, ಬಿಟ್ಟು ಬಿಟ್ಟು ಕೊಡಬೇಕು.

ಏಪ್ರಿಲ್ ಬಿಸಿಲಿನಲ್ಲಿ ಗರಿಕೆ, ಮೆಕ್ಸಿಕನ್ ಹುಲ್ಲುಗಳಿಗೆ ದಿನಕ್ಕೆ ಸುಮಾರು 4 ಮಿ.ಮೀ. ಸಾಕು. ದಿನ ಬಿಟ್ಟು ದಿನ ಕೊಡುವುದಾದರೆ 8 ಮಿ.ಮೀ. ನೀರು ಸಮನಾಗಿ ಹರಡುವ ಪ್ರಮಾಣ ನೂರಕ್ಕೆ 70 ಇದ್ದರೆ ಪಂಪಿನಿಂದ ಹೊರಡಬೇಕಾದದ್ದು 11.4 ಮಿ.ಮೀ. ಅಂದರೆ ಪ್ರತಿ ಝೋನ್ ಹದಿನಾರೂವರೆ ನಿಮಿಷ. ಇದನ್ನು ನಾಲ್ಕು ನಾಲ್ಕು ನಿಮಿಷದ ನಾಲ್ಕು ಸರದಿ ಮಾಡಿ, ನಡುವೆ ಅರ್ಧ ಗಂಟೆ ಬಿಡಿ. ಒಂದು ದಿನದ ನೀರು ಸುಮಾರು 1,850 ಲೀಟರ್. ಮಳೆಯಿಲ್ಲದ ತಿಂಗಳಿಗೆ 28,000 ಲೀಟರಿನ ಹತ್ತಿರ, 6,000 ಲೀಟರಿನ ಟ್ಯಾಂಕರ್ ಆದರೆ ನಾಲ್ಕೂವರೆ ಲೋಡು. ಈ ಅಂಕಿಯನ್ನು ಕೊಟೇಶನ್‌ನ ಮೊದಲ ಪುಟದಲ್ಲೇ ಬರೆದು ಮಾಲೀಕರ ಮುಂದಿಡಿ. ಅದನ್ನು ನೋಡಿದ ಮೇಲೆ ಲಾನನ್ನು ಅರ್ಧಕ್ಕೆ ಇಳಿಸಿದರೆ ಗುತ್ತಿಗೆ ಸಣ್ಣದಾಗುತ್ತದೆ ನಿಜ. ಆದರೆ ಮುಂದಿನ ಮಾರ್ಚ್‌ನಲ್ಲಿ ಬೈಗುಳ ತಪ್ಪುತ್ತದೆ.

ಇದೇ ಲಾನ್‌ಗೆ ಸ್ಪ್ರೇ ಬದಲು ರೋಟರಿ ನಾಜಲ್ ಹಾಕಿದರೆ ಚಿತ್ರವೇ ಬೇರೆ. ಮೇಲೇಳುವ ಅದೇ ಪಾಪ್-ಅಪ್ ಹೆಡ್‌ನ ಮೇಲೇ ಕೂರುವ, ಹಲವು ನೀರಿನ ಎಳೆಗಳನ್ನು ನಿಧಾನ ತಿರುಗಿಸುವ ನಾಜಲ್ ಅದು. ಗಂಟೆಗೆ ಬೀಳುವುದು ಸುಮಾರು 11 ಮಿ.ಮೀ. ಮಾತ್ರ. 162 ಚದರ ಮೀಟರಿಗೆ ನಿಮಿಷಕ್ಕೆ 30 ಲೀಟರ್ ಸಾಕು, ಇಡೀ ಲಾನ್ ಒಂದೇ ಝೋನ್. ಒಂದು ವಾಲ್ವ್, ಸಣ್ಣ ಪೈಪು, ಸಣ್ಣ ಪಂಪು. ಪ್ರೆಶರ್ ಮಾತ್ರ 2.8 ಕೆಜಿ ಬೇಕು, ಆದ್ದರಿಂದ ಪಂಪಿನ ಹೆಡ್ 42 ಮೀಟರಿಗೆ ಏರುತ್ತದೆ. ನೀರು ಕೊಡಲು ಒಂದು ಗಂಟೆ ಹಿಡಿಯುತ್ತದೆ, ಹಿಡಿಯಲಿ. ಬೆಳಗಿನ ನಾಲ್ಕು ಗಂಟೆಗೆ ಯಾರಿಗೆ ಅವಸರ? ಎಳೆಗಳ ಹನಿಗಳು ಸ್ಪ್ರೇಯ ಹನಿಗಿಂತ ದಪ್ಪವಾದ್ದರಿಂದ ಜುಲೈನ ಗಾಳಿಗೂ ಸುಲಭಕ್ಕೆ ಹಾರುವುದಿಲ್ಲ. ನಾಜಲ್ ಬೆಲೆ ಹೆಚ್ಚು. ಆದರೂ ನಮ್ಮ ಮಣ್ಣಿಗೆ, ನಮ್ಮ ನೀರಿಗೆ ಇದೇ ಸರಿ ಎಂದು ಖಚಿತವಾಗಿ ಹೇಳಬಹುದು. ಎರಡು ಮೀಟರ್ ಅಗಲದ ಸಣ್ಣ ತುಂಡುಗಳಿಗೆ ಮಾತ್ರ ಸ್ಪ್ರೇ ಉಳಿಸಿಕೊಳ್ಳಿ.

ಎಂಟು ಮೀಟರಿಗಿಂತ ದೂರದ ಎಸೆತ ಬೇಕಾದ ಕ್ಲಬ್, ಶಾಲೆ, ಆಟದ ಮೈದಾನಗಳಿಗೆ ಗೇರ್ ರೋಟರ್. ಹೊಲದಲ್ಲಿ 12 ಮೀಟರಿಗೊಂದರಂತೆ ನೆಟ್ಟು ಟಕ್ ಟಕ್ ಎಂದು ತಿರುಗುವ ಜೆಟ್ ಕಂಡಿರುತ್ತೀರಿ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಆ ಸುತ್ತಿಗೆ ತಂತ್ರದ ಜಾಗವನ್ನು ಲಾನ್‌ಗಳಲ್ಲಿ ಈಗ ಈ ಮುಚ್ಚಿದ ಗೇರ್ ಪೆಟ್ಟಿಗೆ ಹಿಡಿದಿದೆ. ಒಂದು ಎಚ್ಚರಿಕೆ ಮಾತ್ರ: ಸ್ಪ್ರೇ ಮತ್ತು ರೋಟರ್ ಎರಡನ್ನೂ ಒಂದೇ ಝೋನ್‌ಗೆ ಎಂದೂ ಕಟ್ಟಬೇಡಿ. ಒಂದರದು 41 ಮಿ.ಮೀ., ಇನ್ನೊಂದರದು 12. ಯಾವುದಕ್ಕೆ ಸಮಯ ಹೊಂದಿಸಿದರೂ ಇನ್ನೊಂದು ಹಾಳು. ಮರದ ನೆರಳಿನ ಭಾಗಕ್ಕೂ ಬೇರೆ ಝೋನ್ ಇರಲಿ.

ಪೈಪು, ವಾಲ್ವು, ವೈರು

ಪೈಪಿನೊಳಗೆ ನೀರಿನ ವೇಗ ಸೆಕೆಂಡಿಗೆ ಒಂದೂವರೆ ಮೀಟರ್ ದಾಟಬಾರದು. ದಾಟಿದರೆ ಎರಡು ತೊಂದರೆ: ಪ್ರೆಶರ್ ದಾರಿಯಲ್ಲೇ ಸತ್ತುಹೋಗುತ್ತದೆ, ಮತ್ತು ಸೊಲೆನಾಯ್ಡ್ ಮುಚ್ಚಿದಾಗ ಪೈಪು ‘ಧಡ್’ ಎನ್ನುತ್ತದೆ. ಆ ಏಟಿಗೆ ತಿಂಗಳುಗಳ ನಂತರ ಒಂದು ಎಲ್ಬೋ (ಪೈಪಿನ ತಿರುವಿನ ಜೋಡಣೆ) ಬಿಡುತ್ತದೆ, ಯಾವುದೆಂದು ಹುಡುಕಲು ಇಡೀ ಸಾಲು ಅಗೆಯಬೇಕು. ಈ ಮಿತಿಯಲ್ಲಿ 25 ಎಂಎಂ ಪೈಪು ನಿಮಿಷಕ್ಕೆ ಸುಮಾರು 33 ಲೀಟರ್, 32 ಎಂಎಂ 55, 40 ಎಂಎಂ 90, 50 ಎಂಎಂ 140 ಲೀಟರ್ ಸಾಗಿಸುತ್ತದೆ. ನಮ್ಮ 56 ಲೀಟರಿನ ಸ್ಪ್ರೇ ಝೋನ್‌ಗೆ 40 ಎಂಎಂ. ನೂರು ಮೀಟರಿಗೆ ಅದರಲ್ಲಿ ನಷ್ಟ ಎರಡೂವರೆ ಮೀಟರ್ ಚಿಲ್ಲರೆ. ಅದೇ ನೀರನ್ನು 25 ಎಂಎಂನಲ್ಲಿ ನೂಕಿದರೆ ನಷ್ಟ 28 ಮೀಟರ್, ಹತ್ತು ಪಟ್ಟಿಗೂ ಹೆಚ್ಚು. ಪೈಪಿನಲ್ಲಿ ಉಳಿಸಿದ ಹಣವನ್ನು ಪಂಪಿಗೂ ಕರೆಂಟಿಗೂ ಬಡ್ಡಿ ಸಮೇತ ಕಟ್ಟಿದಂತೆ. ಸಾಲಿನ ಕೊನೆಯ ಹೆಡ್‌ಗಳ ಕಡೆ ಹೋದಂತೆ ನೀರು ಕಡಿಮೆಯಾಗುವುದರಿಂದ 32, ಆಮೇಲೆ 25 ಎಂದು ಇಳಿಸಬಹುದು.

ಪಂಪಿನಿಂದ ವಾಲ್ವಿನವರೆಗಿನ ಮುಖ್ಯ ಪೈಪಿನಲ್ಲಿ ಸದಾ ಪ್ರೆಶರ್ ನಿಂತಿರಬಹುದು. ಅದಕ್ಕೆ ಐಎಸ್ 4985 ಗುರುತಿನ 10 ಕೆಜಿ ಯುಪಿವಿಸಿ ಹಾಕಿ. ವಾಲ್ವಿನ ನಂತರದ ಕವಲುಗಳಿಗೆ 6 ಕೆಜಿ ಸಾಕು. ಉದಾಹರಣೆಯ ಲಾನ್‌ಗೆ ಕವಲು ಪೈಪು ಸುಮಾರು 70 ಮೀಟರ್, ಆರು ಮೀಟರಿನ 12 ಉದ್ದಗಳು.

ಸಂಪು, ಬೋರ್‌ವೆಲ್ ಯಾವುದೇ ಇರಲಿ, ಪಂಪಿನ ನಂತರ 120 ಮೆಶ್‌ನ ಡಿಸ್ಕ್ ಫಿಲ್ಟರ್ ಕಡ್ಡಾಯ. ಅದರ ಹಿಂದೆ ಮುಂದೆ ಎರಡು ಗೇಜ್ ಇರಲಿ. ವ್ಯತ್ಯಾಸ ಅರ್ಧ ಕೆಜಿ ದಾಟಿದರೆ ತೊಳೆಯುವ ಹೊತ್ತು. ಬೋರ್‌ವೆಲ್ ಮರಳು ಕಕ್ಕುತ್ತಿದ್ದರೆ ಡಿಸ್ಕ್‌ಗೆ ಮುಂಚೆ ನೀರನ್ನು ಸುಳಿಯಾಗಿ ತಿರುಗಿಸಿ ಮರಳು ಬೇರ್ಪಡಿಸುವ ಹೈಡ್ರೋಸೈಕ್ಲೋನ್ ಬೇಕು. ಗಡಸು ನೀರಾದರೆ ನಾಜಲ್ ಜಾಲರಿಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಅವನ್ನು ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿದರೆ ಬಿಡುತ್ತದೆ. ಸೂಜಿ ಹಾಕಿ ಕೆದಕಿದರೆ ರಂಧ್ರ ಅಗಲವಾಗಿ ಆ ಹೆಡ್‌ನ ಲೆಕ್ಕ ತಪ್ಪುತ್ತದೆ.

ಎಸ್‌ಟಿಪಿ ನೀರು ಬಳಸುವಲ್ಲಿ ಆ ಪೈಪನ್ನು ಮನೆಬಳಕೆಯ ಪೈಪಿಗೆ ಎಲ್ಲಿಯೂ, “ತುರ್ತಿಗೆ ಇರಲಿ” ಎಂದು ಒಂದು ವಾಲ್ವ್ ನಡುವೆ ಇಟ್ಟು ಕೂಡ, ಜೋಡಿಸಬೇಡಿ. ವಾಲ್ವ್ ಸೋರುತ್ತದೆ, ಯಾರೋ ತೆರೆದಿಡುತ್ತಾರೆ. ಹೆಡ್‌ಗಳ ಮೇಲೆ ನೇರಳೆ ಮುಚ್ಚಳ ಹಾಕಿ. ಸಂಸ್ಕರಿಸಿದ ನೀರಿಗೆ ಹೊರದೇಶಗಳಲ್ಲೂ ಇದೇ ಬಣ್ಣ. ಜನ ಓಡಾಡದ ಹೊತ್ತಿನಲ್ಲಿ ಮಾತ್ರ ಬಿಡಿ.

ಕಂಟ್ರೋಲರ್‌ನಿಂದ (ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮರ್ ಪೆಟ್ಟಿಗೆಯಿಂದ) ಸೊಲೆನಾಯ್ಡ್‌ಗೆ ಹೋಗುವುದು 24 ವೋಲ್ಟ್ ಎಸಿ. ಎಲ್ಲ ವಾಲ್ವುಗಳಿಗೂ ಸೇರಿ ಒಂದು ಕಾಮನ್ ವೈರು, ಪ್ರತಿ ವಾಲ್ವಿಗೆ ಒಂದೊಂದು ಬೇರೆ. ನಾಲ್ಕು ವಾಲ್ವಿಗೆ ಐದು ವೈರು. ಆರು ಅಥವಾ ಏಳು ಎಳೆಯ ಕೇಬಲ್ ಹಾಕಿದರೆ ಮುಂದೆ ಉಪಯೋಗಕ್ಕೆ ಬರುತ್ತದೆ. ನೂರು ಮೀಟರಿನವರೆಗೆ ಒಂದು ಚದರ ಎಂಎಂ ತಾಮ್ರ ಸಾಕು, ನಷ್ಟ ಒಂದು ವೋಲ್ಟಿನ ಆಸುಪಾಸು. ಹೆಗ್ಗಣ ಕಡಿಯುತ್ತದೆ, ಕಂಡ್ಯೂಟ್‌ನೊಳಗೆ ಹಾಕಿ. ವಾಲ್ವ್ ಬಾಕ್ಸ್‌ನಲ್ಲಿ ಜೋಡಿಸುವಾಗ ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಒಂದೇ ಮಳೆಗಾಲ ಬಾಳಿಕೆ. ಜೆಲ್ ತುಂಬಿದ ಕನೆಕ್ಟರ್ ಬಳಸಿ. ಪಂಪನ್ನು ನೇರ ಕಂಟ್ರೋಲರ್‌ಗೆ ಜೋಡಿಸುವುದು ಅಪಾಯ. ಕಂಟ್ರೋಲರ್‌ನ ಪಂಪ್ ಟರ್ಮಿನಲ್‌ನಿಂದ 24 ವೋಲ್ಟಿನ ರಿಲೇ, ರಿಲೇಯಿಂದ ಪಂಪಿನ ಸ್ಟಾರ್ಟರ್, ಇದು ಕ್ರಮ. ಸಂಪಿನಲ್ಲಿ ಫ್ಲೋಟ್ ಸ್ವಿಚ್ ಇರಲೇಬೇಕು, ಇಲ್ಲವಾದರೆ ಬೆಳಗಿನ ನಾಲ್ಕಕ್ಕೆ ಒಣಗಿದ ಸಂಪಿನಲ್ಲಿ ಪಂಪು ಓಡಿ ಸೀಲ್ ಸುಟ್ಟುಕೊಳ್ಳುತ್ತದೆ. ಕಂಟ್ರೋಲರ್ ಯುಪಿಎಸ್ ಮೇಲಿದ್ದು ಪಂಪು ನೇರ ಲೈನ್ ಮೇಲಿದ್ದರೆ ಇನ್ನೊಂದು ತಮಾಷೆ ನಡೆಯುತ್ತದೆ: ಕರೆಂಟ್ ಹೋದಾಗಲೂ ಕಂಟ್ರೋಲರ್ ನಿಷ್ಠೆಯಿಂದ ವಾಲ್ವ್ ತೆರೆದು ಮುಚ್ಚಿ “ನೀರು ಕೊಟ್ಟಾಯಿತು” ಎಂದುಕೊಳ್ಳುತ್ತದೆ, ಹುಲ್ಲಿಗೆ ಹನಿಯೂ ಬಿದ್ದಿರುವುದಿಲ್ಲ. ಎರಡೂ ಒಂದೇ ಸಪ್ಲೈ ಮೇಲಿರಲಿ. ಸಮಯ ಮರೆಯದಂತೆ ಒಳಗೆ ಬ್ಯಾಕಪ್ ಬ್ಯಾಟರಿ ಇರುವ ಕಂಟ್ರೋಲರ್ ಕೊಳ್ಳಿ.

ಅಗೆತದಿಂದ ಮುಚ್ಚುವವರೆಗೆ

ನೆಲದಡಿ ಏನಿದೆ ಎಂದು ಮನೆಯವರನ್ನು ಕೇಳಿ: ಗ್ಯಾಸ್ ಪೈಪು, ಕರೆಂಟ್ ಕೇಬಲ್, ಚೇಂಬರಿನಿಂದ ಹೋಗುವ ಡ್ರೈನೇಜ್. ಹೆಡ್ ಇರುವಲ್ಲಿ ಗೂಟ, ಪೈಪು ಹೋಗುವಲ್ಲಿ ಸುಣ್ಣದ ಗೆರೆ. ಕಾಲುದಾರಿಯ ಅಂಚಿನಿಂದ ಹೆಡ್ 5ರಿಂದ 10 ಸೆಂ.ಮೀ. ಒಳಗಿರಲಿ, ಗೋಡೆಯಿಂದ ಕನಿಷ್ಠ 15. ಚಪ್ಪಡಿ, ಪೇವರ್ ಹಾಕುವ ಮುಂಚೆಯೇ ಅದರಡಿ 110 ಎಂಎಂ ಪೈಪಿನ ತುಂಡು ಹೂತಿಟ್ಟರೆ ಆಮೇಲೆ ಪೈಪು, ವೈರು ಎರಡೂ ಅದರೊಳಗೆ ನುಸುಳುತ್ತವೆ. ಕಟ್ಟಡದ ಗುತ್ತಿಗೆದಾರರಿಗೆ ಇದನ್ನು ಮೊದಲೇ ಹೇಳದೆ ಕೊನೆಗೆ ಹೊಸ ಪೇವರ್ ಕಿತ್ತ ಕೆಲಸಗಳು ಎಷ್ಟೋ.

ಕವಲಿಗೆ 30 ಸೆಂ.ಮೀ. ಆಳ, ಮುಖ್ಯ ಪೈಪಿಗೆ 45. ತಳದಲ್ಲಿ ಕಲ್ಲು ಇದ್ದರೆ ಆರಿಸಿ 5 ಸೆಂ.ಮೀ. ಜರಡಿ ಹಿಡಿದ ಮಣ್ಣೋ ಎಂ-ಸ್ಯಾಂಡೋ ಹಾಸಿ. ಚೂಪುಕಲ್ಲಿನ ಮೇಲೆ ಕೂತ ಪೈಪು ಮಣ್ಣಿನ ಭಾರಕ್ಕೆ ಸೀಳುತ್ತದೆ, ಇವತ್ತಲ್ಲ, ಎರಡು ವರ್ಷಕ್ಕೆ.

ಪೈಪನ್ನು ನೇರವಾಗಿ ಕತ್ತರಿಸಿ, ಒಳಗಿನ ಚೂರು ಕೆರೆದು, ಒರೆಸಿ ಒಣಗಿಸಿ. ಸಲ್ಯೂಷನ್ (ಪೈಪಿನ ಅಂಟು) ಅನ್ನು ಪೈಪಿನ ತುದಿಗೆ ಧಾರಾಳವಾಗಿ, ಸಾಕೆಟ್ ಒಳಗೆ ತೆಳುವಾಗಿ ಹಚ್ಚಿ. ಒಳಗೆ ಹೆಚ್ಚು ಹಚ್ಚಿದರೆ ಗಂಟುಕಟ್ಟಿ ದಾರಿ ಕಿರಿದಾಗುತ್ತದೆ, ಪೈಪಿನ ಗೋಡೆಯೂ ಮೆತ್ತಗಾಗುತ್ತದೆ. ಕಾಲು ಸುತ್ತು ತಿರುಗಿಸಿ ತಳ ಮುಟ್ಟುವವರೆಗೆ ನೂಕಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. 24 ಗಂಟೆ ಪ್ರೆಶರ್ ಬೇಡ. ಪ್ಲಾಸ್ಟಿಕ್ ಥ್ರೆಡ್‌ಗಳಿಗೆ (ತಿರುಗಿಸಿ ಬಿಗಿಯುವ ಕಡೆ) ಟೆಫ್ಲಾನ್ ಟೇಪ್ ಮಾತ್ರ. ಜಿಐ ಪೈಪಿನ ಅಭ್ಯಾಸದಲ್ಲಿ ಸೆಣಬಿನ ನಾರು ಸುತ್ತಿ ಪೈಪ್ ರೆಂಚ್‌ನಲ್ಲಿ ಬಿಗಿದರೆ ವಾಲ್ವಿನ ಬಾಯಿ ಸೀಳುತ್ತದೆ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಒಂದು ಸುತ್ತು, ಅಷ್ಟೇ.

ಹೆಡ್ ಅನ್ನು ಕವಲಿನ ಟೀಗೆ (ಮೂರು ಬಾಯಿಯ ಜೋಡಣೆಗೆ) ನೆಟ್ಟಗಿನ ತುಂಡು ಪೈಪಿನಿಂದ ನೇರ ಕೂರಿಸುವುದೇ ಇಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು. ಹುಲ್ಲು ಕತ್ತರಿಸುವ ಮೆಷಿನ್ನಿನ ಚಕ್ರ ಹತ್ತಿದ ದಿನ ಟೀ ಮುರಿಯುತ್ತದೆ. ನಡುವೆ ಸ್ವಿಂಗ್ ಜಾಯಿಂಟ್ (ಮುರಿಯದೆ ಅತ್ತಿತ್ತ ತಿರುಗುವ ಜೋಡಣೆ) ಅಥವಾ ಒಂದಡಿ ಬಾಗುವ ಪೈಪು ಇರಲಿ. ಇದರಿಂದ ಇನ್ನೊಂದು ಲಾಭವೂ ಇದೆ. ನಮ್ಮ ಮಾಲಿಗಳು ವರ್ಷಕ್ಕೊಮ್ಮೆ ಲಾನ್ ಮೇಲೆ ಕೆಂಪು ಮಣ್ಣು, ಗೊಬ್ಬರ ಹರಡುತ್ತಾರಲ್ಲ, ಮೂರ್ನಾಲ್ಕು ವರ್ಷದಲ್ಲಿ ನೆಲ ಏರಿ ಹೆಡ್ ಹೂತುಹೋಗುತ್ತದೆ. ಸ್ವಿಂಗ್ ಜಾಯಿಂಟ್ ಇದ್ದರೆ ಸುತ್ತ ಸ್ವಲ್ಪ ಬಿಡಿಸಿ ಹೆಡ್ ಎತ್ತಿ ಕೂರಿಸಬಹುದು. ಹೆಡ್‌ನ ತಲೆ ಮಣ್ಣಿನ ಮಟ್ಟಕ್ಕೆ ಸರಿಸಮ, ನೆಟ್ಟಗೆ. ವಾಲಿದರೆ ಒಂದು ಕಡೆ ನೆಲ ಕೊರೆಯುತ್ತದೆ, ಇನ್ನೊಂದು ಕಡೆ ಆಕಾಶಕ್ಕೆ ಹೊಡೆಯುತ್ತದೆ. ಇಳಿಜಾರಿನಲ್ಲಿ ತಗ್ಗಿನ ಹೆಡ್‌ಗಳು ಚೆಕ್ ವಾಲ್ವ್ ಇರುವಂಥವಾಗಿರಬೇಕು, ಇಲ್ಲವಾದರೆ ಪಂಪು ನಿಂತ ಮೇಲೆ ಪೈಪಿನ ನೀರೆಲ್ಲ ಅಲ್ಲೇ ಬಂದು ನಿಲ್ಲುತ್ತದೆ.

ವಾಲ್ವ್ ಬಾಕ್ಸ್‌ನ ತಳಕ್ಕೆ 10–15 ಸೆಂ.ಮೀ. ಜಲ್ಲಿ ಹಾಕಿ. ವಾಲ್ವುಗಳ ನಡುವೆ ಗೇಣು ಜಾಗ, ಎರಡೂ ಬದಿ ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಜೋಡಣೆ). ಕೆಟ್ಟ ವಾಲ್ವ್ ಬಿಚ್ಚಲು ಪೈಪು ಕತ್ತರಿಸುವಂತಾಗಬಾರದು.

ಮುಚ್ಚುವ ಮುಂಚೆ ಎರಡು ಕೆಲಸ ಬಿಡಬೇಡಿ. ನಾಜಲ್ ಹಾಕದೆ ನೀರು ಬಿಟ್ಟು ತಿಳಿಯಾಗುವವರೆಗೆ ಹರಿಸಿ. ಕೊನೆಯ ಹೆಡ್‌ನಲ್ಲಿ ಹ್ಯಾಕ್ಸಾ ಪುಡಿ, ಮಣ್ಣು ಬರುವುದನ್ನು ಕಣ್ಣಾರೆ ನೋಡುತ್ತೀರಿ. ಆಮೇಲೆ ಬಾಯಿಗಳನ್ನು ಮುಚ್ಚಿ, ಗಾಳಿ ಹೊರಹಾಕಿ, ಕೆಲಸದ ಪ್ರೆಶರ್‌ನ ಒಂದೂವರೆ ಪಟ್ಟು, ಅಂದರೆ ಸುಮಾರು 5 ಕೆಜಿ, ಎರಡು ಗಂಟೆ ನಿಲ್ಲಿಸಿ ಗೇಜ್ ನೋಡಿ. ಈ ಪರೀಕ್ಷೆಗೆ ಕಂಪ್ರೆಸರ್ ಗಾಳಿ ಎಂದೂ ಬಳಸಬೇಡಿ. ಪಿವಿಸಿ ಒಡೆದರೆ ನೀರು ಚಿಮ್ಮಿ ನಿಲ್ಲುತ್ತದೆ, ಗಾಳಿಯಾದರೆ ಚೂರುಗಳು ಗುಂಡಿನಂತೆ ಹಾರುತ್ತವೆ.

ಮಣ್ಣನ್ನು ಗೇಣುಗೇಣು ಪದರವಾಗಿ ಹಾಕಿ ತುಳಿದು, ನೀರುಣಿಸಿ, ಮೇಲೆ ಎರಡು ಸೆಂ.ಮೀ. ಉಬ್ಬು ಬಿಡಿ. ಮುಚ್ಚುವ ಮುಂಚೆ ಟೇಪ್ ಹಿಡಿದು ಗೋಡೆಯಿಂದ ದೂರ ಕಾಣುವಂತೆ ಪ್ರತಿ ತಿರುವಿನ ಫೋಟೋ ತೆಗೆದು, ನಕ್ಷೆಯ ಜೊತೆ ಮಾಲೀಕರಿಗೆ ಕೊಡಿ.

ಸಮನಾಗಿ ಬೀಳುತ್ತಿದೆಯೇ?

ನಾಜಲ್ ಹಾಕಿ ಕೋನ, ಎಸೆತ ಸರಿಪಡಿಸಿದ ಮೇಲೆ ಲಾನ್ ಮೇಲೆ 16 ಡಬ್ಬಿ ಸಮ ಅಂತರದಲ್ಲಿಟ್ಟು ಎಲ್ಲ ಝೋನ್‌ಗಳನ್ನೂ ಒಂದಾದ ಮೇಲೊಂದು ಹತ್ತತ್ತು ನಿಮಿಷ ಓಡಿಸಿ. ಡಬ್ಬಿ ನೇರ ಗೋಡೆಯದಾಗಿರಲಿ. ಬಾಯಗಲದ ಸ್ಟೀಲ್ ಲೋಟ ಸುಳ್ಳು ಅಳತೆ ಕೊಡುತ್ತದೆ. ಪ್ರತಿಯೊಂದರಲ್ಲಿ ಎಷ್ಟು ಮಿ.ಮೀ. ಎಂದು ಅಳೆದು, ಅತಿ ಕಡಿಮೆಯ ನಾಲ್ಕರ ಸರಾಸರಿಯನ್ನು ಎಲ್ಲದರ ಸರಾಸರಿಯಿಂದ ಭಾಗಿಸಿ. ಒಟ್ಟು ಸರಾಸರಿ 7, ಕೊನೆಯ ನಾಲ್ಕರದು 4.9 ಆದರೆ 0.70, ಒಳ್ಳೆಯ ಕೆಲಸ. 0.5ಕ್ಕಿಂತ ಕೆಳಗಿದ್ದರೆ ಹಣ ಕೇಳುವ ಮುಂಚೆ ಹೆಡ್‌ಗಳನ್ನು ನೋಡಿ.

ಲಾನ್ ತಾನೇ ಸುಳಿವು ಕೊಡುತ್ತದೆ. ಹೆಡ್ ಸುತ್ತ ಒಣಗಿದ ಉಂಗುರ ಕಂಡರೆ ಪ್ರೆಶರ್ ಕಡಿಮೆ: ನೀರು ಒಡೆಯದೆ ಒಟ್ಟಿಗೆ ದೂರ ಬೀಳುತ್ತಿದೆ. ಹೆಡ್ ಮೇಲೆ ಮಂಜು ಎದ್ದು ಗಾಳಿಗೆ ತೇಲಿದರೆ ಪ್ರೆಶರ್ ಹೆಚ್ಚು. ಒಳಗೇ ಪ್ರೆಶರ್ ನಿಯಂತ್ರಕ ಇರುವ ಹೆಡ್ ಹಾಕಬೇಕು. ಝೋನ್ ಮುಚ್ಚದೆ ಸೋರುತ್ತಲೇ ಇದ್ದರೆ ಮೊದಲು ವಾಲ್ವಿನ ಬ್ಲೀಡ್ ಸ್ಕ್ರೂ (ಕೈಯಿಂದ ತೆರೆಯುವ ತಿರುಪು) ತೆರೆದಿದೆಯೇ ನೋಡಿ, ಆಮೇಲೆ ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ಬಿಚ್ಚಿ. ಮರಳಿನ ಒಂದು ಕಣ ಸಾಕು. ಝೋನ್ ತೆರೆಯದಿದ್ದರೆ ಕಂಟ್ರೋಲರ್‌ನಲ್ಲೇ ಕಾಮನ್ ಮತ್ತು ಆ ಝೋನ್‌ನ ವೈರುಗಳನ್ನು ಬಿಡಿಸಿ ಮಲ್ಟಿಮೀಟರ್ ಹಿಡಿಯಿರಿ. 20ರಿಂದ 60 ಓಮ್ ಬಂದರೆ ಸೊಲೆನಾಯ್ಡ್ ಸರಿಯಿದೆ, ವಾಲ್ವ್ ನೋಡಿ. ಅಳತೆಯೇ ಬಾರದಿದ್ದರೆ ವೈರ್ ತುಂಡಾಗಿದೆ. ಸೊನ್ನೆಯ ಹತ್ತಿರವಿದ್ದರೆ ಶಾರ್ಟ್.

ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳು ಇಲ್ಲಿ ಸೇರಲಿ.

“ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಚಳಿಗಾಲಕ್ಕೆ ಪೈಪಿನ ನೀರನ್ನೆಲ್ಲ ಗಾಳಿಯಿಂದ ಊದಿ ತೆಗೆಸುತ್ತಾರೆ. ಗಾಳಿ ಅಪಾಯ ಎಂದಿರಲ್ಲ?” ಅಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗಿ ಪೈಪು ಸೀಳುವುದರಿಂದ ಆ ಕೆಲಸ ಬೇಕೇ ಬೇಕು. ಹೆಡ್‌ಗಳು ತೆರೆದೇ ಇರುವುದರಿಂದ ಒತ್ತಡ ಒಳಗೆ ಕಟ್ಟಿಕೊಳ್ಳುವುದಿಲ್ಲ. ಆದರೂ ಪಿವಿಸಿಗೆ 80, ಪಾಲಿಥೀನ್ ಪೈಪಿಗೆ 50 ಪಿಎಸ್‌ಐ ದಾಟಬಾರದು, ಒಂದು ಝೋನನ್ನು ಎರಡು ನಿಮಿಷಕ್ಕಿಂತ ಹೆಚ್ಚು ಊದಬಾರದು. ನೀರಿಲ್ಲದೆ ತಿರುಗಿದ ರೋಟರ್ ಗೇರು ಬಿಸಿಯಾಗಿ ಕರಗುತ್ತದೆ. ನಮ್ಮಲ್ಲಿ ಇದರ ಅಗತ್ಯವೇ ಇಲ್ಲ. ಇಲ್ಲಿ ಬೇಕಾದದ್ದು ರೈನ್ ಸೆನ್ಸರ್: 6 ಮಿ.ಮೀ. ಮಳೆಗೆ ಹೊಂದಿಸಿ, ಸಜ್ಜೆಯಡಿ ಅಲ್ಲ, ಆಕಾಶ ಕಾಣುವಲ್ಲಿ ಕಟ್ಟಿ.

“ಬೆಳೆದ ಲಾನ್ ಇದೆ, ಕೀಳದೆ ಹಾಕಬಹುದೇ?” ಹಾಕಬಹುದು. ಹಿಂದಿನ ದಿನ ಚೆನ್ನಾಗಿ ನೀರುಣಿಸಿ. ಸುಣ್ಣದ ಗೆರೆಯುದ್ದಕ್ಕೂ ಒಂದಡಿ ಅಗಲ, 4–5 ಸೆಂ.ಮೀ. ದಪ್ಪದ ಹುಲ್ಲಿನ ಹೆಪ್ಪುಗಳನ್ನು ಚಪ್ಪಟೆ ಸನಿಕೆಯಿಂದ ಎತ್ತಿ ನೆರಳಲ್ಲಿ ಒದ್ದೆ ಗೋಣಿ ಮುಚ್ಚಿಡಿ. ಅಗೆದ ಮಣ್ಣನ್ನು ಟಾರ್ಪಾಲಿನ್ ಮೇಲೆ ಹಾಕಿ, ಹುಲ್ಲಿನ ಮೇಲಲ್ಲ. ಒಂದು ದಿನದಲ್ಲಿ ಪೈಪು ಹಾಕಿ ಮುಚ್ಚುವಷ್ಟು ಉದ್ದವನ್ನೇ ತೆರೆಯಿರಿ. ಸಲ್ಯೂಷನ್ ಒಣಗಲು 24 ಗಂಟೆ ಬೇಕಲ್ಲ ಎಂದರೆ, ಜೋಡಣೆಗಳಿರುವ ಗುಂಡಿಗಳನ್ನು ಮಾತ್ರ ಮರುದಿನದ ಪರೀಕ್ಷೆಯವರೆಗೆ ತೆರೆದಿಟ್ಟು ನಡುವಿನ ಪೈಪು ಮುಚ್ಚಿಬಿಡಿ. ಹೆಪ್ಪುಗಳನ್ನು ಮತ್ತೆ ಕೂರಿಸಿ ರೋಲರ್ ಎಳೆದು ಎರಡು ವಾರ ದಿನವೂ ನೀರು ಕೊಟ್ಟರೆ ಬೇರು ಹಿಡಿಯುತ್ತದೆ. ಮಳೆ ಜೋರಾಗುವ ಮುಂಚಿನ ಜೂನ್ ತಿಂಗಳು ಇದಕ್ಕೆ ಒಳ್ಳೆಯದು.